ಮೊಂಸೆಗ್ಯೂರ್ ಬೆಟ್ಟದ ಮೇಲಿನ ಗೋಡೆ ಯಾರದು?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ಫ್ರಾನ್ಸಿನ ಮೊಂಸೆಗ್ಯೂರ್ ಕೋಟೆಯ ಬಗ್ಗೆ ಒಂದು ವಿಡಿಯೊ ನೋಡಿದೆ. ಕ್ಯಾಥರ್ ಪಂಥದವರು ಅದನ್ನು ಸೂರ್ಯದೇಗುಲವಾಗಿ ಕಟ್ಟಿದರಂತೆ, ಜೂನ್ ತಿಂಗಳ ಅತಿ ದೀರ್ಘ ಹಗಲಿನಂದು ಬಿಸಿಲು ಒಂದು ಕಿಂಡಿಯಿಂದ ಎದುರು ಕಿಂಡಿಗೆ ನೇರ ಹಾಯುತ್ತದಂತೆ. ಯೇಸುವಿನ ಕೊನೆಯ ಭೋಜನದ ಪಾತ್ರೆಯನ್ನೂ ಅಲ್ಲೇ ಬಚ್ಚಿಟ್ಟಿದ್ದರಂತೆ. ಇದರಲ್ಲಿ ನಿಜವೆಷ್ಟು? ಮಗಳು ಟೂಲೂಸ್‌ನಲ್ಲಿದ್ದಾಳೆ, ಬರುವ ವರ್ಷ ಹೋಗುವವರಿದ್ದೇವೆ. ನೋಡುವಂಥದ್ದು ಏನಿದೆ?”

ಬಿಸಿಲು ಹಾಯುವುದು ನಿಜ. ಆದರೆ ಆ ಕಿಂಡಿಗಳಿರುವ ಗೋಡೆ ಕ್ಯಾಥರರದ್ದಲ್ಲ. 1244ರಲ್ಲಿ ಬೆಟ್ಟ ಅವರ ಕೈತಪ್ಪಿದ ಮೇಲೆ ಅದು ಲೆವಿ ಮನೆತನದ ಪಾಲಾಯಿತು. ಕ್ಯಾಥರರನ್ನು ಹತ್ತಿಕ್ಕಲೆಂದು ಪೋಪ್ ಕರೆಯ ಮೇರೆಗೆ 1209ರಲ್ಲಿ ಆರಂಭವಾದ ಧರ್ಮಯುದ್ಧಕ್ಕೆ ಉತ್ತರದಿಂದ ಬಂದು, ದಕ್ಷಿಣದಲ್ಲಿ ನೆಲ ಗಿಟ್ಟಿಸಿಕೊಂಡ ಮನೆತನ ಅದು. ನೀವು ವಿಡಿಯೊದಲ್ಲಿ ಕಂಡ ಕಲ್ಲಿನ ಆವರಣ, ಮೂಲೆಯ ದೊಡ್ಡ ಬುರುಜು ಎರಡೂ ಆ ಗೆದ್ದವರ ಕಾಲದವು. ಪುರಾತತ್ವ ಉತ್ಖನನ ಇದನ್ನು ಖಚಿತಪಡಿಸಿದೆ. ಸೂರ್ಯದೇಗುಲದ ವಾದ ಅಲ್ಲಿಗೆ ಮುಗಿಯಿತು.

ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಒಂದು ಊರು. ಸುಮಾರು 1,200 ಮೀಟರ್ ಎತ್ತರದ ಒಂಟಿ ಬಂಡೆಬೆಟ್ಟದ ನೆತ್ತಿಯಲ್ಲಿ ರೇಮೊಂ ದ ಪೆರೇಯ್ ಎಂಬ ಜಹಗೀರುದಾರ 1204ರ ಹೊತ್ತಿಗೆ ಹಳೆಯ ಕೋಟೆಯನ್ನು ಮತ್ತೆ ಕಟ್ಟಿಸಿದ. ಕೇಳಿಕೊಂಡವರು ಕ್ಯಾಥರರೇ. ಈ ಲೋಕ ಕೆಟ್ಟ ಶಕ್ತಿಯ ಸೃಷ್ಟಿ ಎಂದು ನಂಬಿದ ಕ್ರೈಸ್ತರು ಅವರು. ದೀಕ್ಷೆ ಪಡೆದವರು ಮಾಂಸ ಮುಟ್ಟುತ್ತಿರಲಿಲ್ಲ, ಕೊಲ್ಲುತ್ತಿರಲಿಲ್ಲ, ಆಣೆ ಇಡುತ್ತಿರಲಿಲ್ಲ. ಹೆಂಗಸರಿಗೂ ದೀಕ್ಷೆಯಿತ್ತು. ಕೆಳಗಿನ ಊರುಗಳಲ್ಲಿ ಬದುಕು ದುಸ್ತರವಾದಂತೆ ಒಬ್ಬೊಬ್ಬರೇ ಬೆಟ್ಟ ಹತ್ತಿದರು. ಆ ಕೋಟೆಯ ಸುತ್ತ, ಬಂಡೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮನೆಗಳೆದ್ದವು.

1242ರ ಮೇ ತಿಂಗಳಲ್ಲಿ ಕೋಟೆಯ ಸೈನಿಕರು ಇಳಿದುಹೋಗಿ, ಅವಿನ್ಯೊನೆ ಎಂಬಲ್ಲಿ ತಂಗಿದ್ದ ಧರ್ಮವಿಚಾರಕರನ್ನು, ಅಂದರೆ ಪಂಥದವರನ್ನು ಹುಡುಕಿ ವಿಚಾರಣೆ ನಡೆಸುತ್ತಿದ್ದ ಚರ್ಚಿನ ಪಾದ್ರಿಗಳನ್ನು, ರಾತ್ರಿಯಲ್ಲಿ ಕಡಿದು ಹಾಕಿದರು. ಕ್ಯಾಥರರ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡುವವರಿದ್ದಾರೆ. ಬಿಡಬಾರದು. ಮರುವರ್ಷ ಮುತ್ತಿಗೆ ಬಿದ್ದದ್ದು ಇದರಿಂದಲೇ.

ಮುತ್ತಿಗೆ ಸುಮಾರು ಹತ್ತು ತಿಂಗಳು ನಡೆಯಿತು. ಬೆಟ್ಟದ ಪೂರ್ವ ತುದಿಯಲ್ಲೊಂದು ಕಾವಲು ನೆಲೆಯಿತ್ತು, ಅದರ ಕೆಳಗೆ ನೇರ ಪ್ರಪಾತ. ಮುತ್ತಿಗೆ ಹಾಕಿದವರ ಕಡೆಯ ಹಗುರ ಆಯುಧದ ಗುಡ್ಡಗಾಡಿನ ಜನ ಚಳಿಗಾಲದ ಒಂದು ರಾತ್ರಿ ಅಲ್ಲಿಂದಲೇ ಹತ್ತಿ ನೆಲೆಯನ್ನು ಹಿಡಿದರು. ಬೆಳಗಾದ ಮೇಲೆ ತಾವು ಹತ್ತಿಬಂದ ದಾರಿಯನ್ನು ಬಗ್ಗಿ ನೋಡಿ, ಹಗಲಾಗಿದ್ದರೆ ಎಂದೂ ಹತ್ತುತ್ತಿರಲಿಲ್ಲ ಎಂದರಂತೆ. ಆ ಕಾಲದ ಚರಿತ್ರಕಾರ ಗಿಯೋಂ ದ ಪ್ಯುಯಿಲೊರಾನ್ಸ್ ಹಾಗೆ ಬರೆದಿದ್ದಾನೆ. ಆಮೇಲೆ ಕವಣೆಯಂತ್ರಗಳು ಮೇಲೇರಿದವು, ಊರಿನ ಮೇಲೆ ಕಲ್ಲುಗುಂಡುಗಳು ಬೀಳತೊಡಗಿದವು.

1244ರ ಮಾರ್ಚ್ ಆರಂಭದಲ್ಲಿ ಶರಣಾಗತಿ. ಹದಿನೈದು ದಿನದ ಗಡುವು ಸಿಕ್ಕಿತು. ಸೈನಿಕರಿಗೆ ಕ್ಷಮೆ, ನಂಬಿಕೆ ಬಿಟ್ಟವರಿಗೆ ಜೀವ, ಬಿಡದವರಿಗೆ ಬೆಂಕಿ. ಈ ಗಡುವಿನೊಳಗೆ, ಬದುಕಲು ದಾರಿಯಿದ್ದ ಸುಮಾರು ಇಪ್ಪತ್ತು ಜನ ತಾವಾಗಿ ಮುಂದೆ ಬಂದು ದೀಕ್ಷೆ ಪಡೆದರು. ರೇಮೊಂನ ಹೆಂಡತಿ ಕೊರ್ಬಾ ಅವರಲ್ಲೊಬ್ಬಳು, ಮಗಳು ಎಸ್ಕ್ಲರ್ಮೋಂದ್ ಇನ್ನೊಬ್ಬಳು. ಕೊರ್ಬಾಳ ತಾಯಿ ಮಾರ್ಕೇಸಿಯಾ ಮೊದಲೇ ದೀಕ್ಷೆ ಪಡೆದವಳು. ಮಾರ್ಚ್ 16ರಂದು ಸುಟ್ಟ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಒಂದೇ ಮನೆಯ ಈ ಮೂರು ತಲೆಮಾರಿನ ಹೆಂಗಸರಿದ್ದರು. ರೇಮೊಂ ಉಳಿದುಕೊಂಡ. ಕೆಲವೇ ವಾರಗಳಲ್ಲಿ ಧರ್ಮವಿಚಾರಕರ ಮುಂದೆ ಕುಳಿತು, ಈ ಕೋಟೆಯನ್ನು ತಾನು ಹೇಗೆ ಕಟ್ಟಿಸಿದೆ ಎಂದು ಸಾಕ್ಷ್ಯ ಹೇಳಿದ. ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಇಂಥ ಸಾಕ್ಷ್ಯಗಳಿಂದಲೇ, ಅಂದರೆ ವೈರಿಗಳ ಗುಮಾಸ್ತರು ಲ್ಯಾಟಿನ್‌ನಲ್ಲಿ ಬರೆದುಕೊಂಡ ಕಡತಗಳಿಂದಲೇ ಬಂದದ್ದು.

ಬಚ್ಚಿಟ್ಟ ಪಾತ್ರೆಯ ಪ್ರಶ್ನೆಗೆ ಉತ್ತರವೂ ಆ ಕಡತಗಳಲ್ಲೇ ಇದೆ. 1243ರ ಕ್ರಿಸ್‌ಮಸ್ ಸುಮಾರಿಗೆ ಇಬ್ಬರು ಬಂಗಾರ, ಬೆಳ್ಳಿ ಮತ್ತು ಅಪಾರ ಹಣವನ್ನು ಹೊರಗೆ ಸಾಗಿಸಿದರು. ಕೊನೆಯಲ್ಲಿ, ಅಡಗಿಸಿಟ್ಟಿದ್ದ ಕೆಲವರನ್ನು ರಾತ್ರಿ ಹಗ್ಗದಿಂದ ಕೆಳಗಿಳಿಸಲಾಯಿತು. ಕಾಡಿನಲ್ಲಿ ಬಚ್ಚಿಟ್ಟ ಆ ಹಣ ಪಂಥದ ಕೈತಪ್ಪಬಾರದೆಂದು. ಊರೂರಲ್ಲಿ ತಲೆಮರೆಸಿಕೊಂಡು ಬದುಕುತ್ತಿದ್ದ ಪಂಥಕ್ಕೆ ದುಡ್ಡು ಬೇಕಿತ್ತು. ಪಾತ್ರೆಯ ಪ್ರಸ್ತಾಪ ಎಲ್ಲೂ ಇಲ್ಲ. ಅದನ್ನು ಈ ಬೆಟ್ಟಕ್ಕೆ ಅಂಟಿಸಿದ್ದು ನೂರಾರು ವರ್ಷಗಳ ನಂತರದ ಕಲ್ಪನೆ. ನನಗೆ ಆ ಕಟ್ಟುಕಥೆಯ ಮೇಲೆ ಸಿಟ್ಟಿದೆ. ಹೆಸರು, ಮನೆ, ನೆಂಟಸ್ತಿಕೆ ಎಲ್ಲ ಗೊತ್ತಿರುವ ಮನುಷ್ಯರು ಸತ್ತ ಜಾಗದಲ್ಲಿ ಇಲ್ಲದ ಪಾತ್ರೆಯೊಂದನ್ನು ಹುಡುಕಿಸುತ್ತದೆ ಅದು.

ಅವಶ್ಯ ಹೋಗಿ. ದಾರಿ ಕಡಿದಾಗಿದೆ, ಗಟ್ಟಿ ಬೂಟು ಹಾಕಿಕೊಳ್ಳಿ. ದಾರಿಯ ಆರಂಭದ ಹುಲ್ಲುಗಾವಲಿನಲ್ಲಿ, ಸುಟ್ಟವರ ನೆನಪಿಗೆ 1960ರಲ್ಲಿ ನಿಲ್ಲಿಸಿದ ಕಲ್ಲಿದೆ. ಮೇಲೆ ತಲುಪಿದಾಗ ಆವರಣದೊಳಗಷ್ಟೇ ನೋಡಿ ಇಳಿಯಬೇಡಿ. ಗೋಡೆಯ ಹೊರಗೆ, ವಾಯವ್ಯ ದಿಕ್ಕಿನಲ್ಲಿ, ಮೊಣಕಾಲೆತ್ತರದ ಕಲ್ಲುಸಾಲುಗಳಿವೆ. ಕ್ಯಾಥರರ ಕಾಲದ ಮನೆಗಳ ತಳಪಾಯ ಅವು. ಅಗೆತದಲ್ಲಿ ಸಿಕ್ಕ ಕತ್ತರಿ, ದಾಳ, ಬಾಣದ ಮೊನೆಗಳು ಕೆಳಗಿನ ಹಳ್ಳಿಯ ಪುಟ್ಟ ವಸ್ತುಸಂಗ್ರಹಾಲಯದಲ್ಲಿವೆ. ಅದು ತೆರೆದಿರುವ ವೇಳೆಯನ್ನು ಮಗಳ ಹತ್ತಿರ ಮೊದಲೇ ವಿಚಾರಿಸಿಟ್ಟುಕೊಳ್ಳಿ.

– ಸಂ.