ಕ್ಯಾಂಪಸ್ ಹೋರಾಟಗಾರರ ಒರಟುತನ ನಿಮ್ಮ ರಾಜಕೀಯ ನಿಲುವು ಬದಲಿಸಿದೆಯಾ?

ಬದಲಿಸಿದೆ. ಎಡದಿಂದ ಬಲಕ್ಕೋ, ಬಲದಿಂದ ಎಡಕ್ಕೋ ಅಂತ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಮುಂದೆ ಓದುವುದಿಲ್ಲ, ಉಳಿದವರು ಓದದೆಯೇ ಚಪ್ಪಾಳೆ ತಟ್ಟುತ್ತಾರೆ.

ಕಾಲೇಜು ಸೇರಿದಾಗ ನಾನು ಅಲ್ಲಿನ ದೊಡ್ಡ ಸಂಘಟನೆಯ ಪರವೇ ಇದ್ದೆ. ಶುಲ್ಕ ಏರಿಕೆ ವಿರುದ್ಧ ಅವರ ಜೊತೆ ಧರಣಿಗೂ ಕೂತಿದ್ದೆ. ಒಂದು ದಿನ ಲೈಬ್ರರಿ ಬಾಗಿಲಲ್ಲಿ ಮನವಿ ಪತ್ರ ಹಿಡಿದು ನಿಂತಿದ್ದರು. ಶುಲ್ಕ ಇಳಿಸಿ, ಹಾಸ್ಟೆಲ್ ರಿಪೇರಿ ಮಾಡಿಸಿ ಅನ್ನುವ ಬೇಡಿಕೆಗಳ ಕೆಳಗೆ ಇನ್ನೊಂದು ಸೇರಿಕೊಂಡಿತ್ತು: ಇಂಥವರನ್ನು ಭಾಷಣಕ್ಕೆ ಕರೆಯಬಾರದು. ಆ ಸಾಲು ಹೊಡೆದುಹಾಕಿ ಸಹಿ ಮಾಡ್ತೀನಿ ಅಂದೆ. ಕೈಯಿಂದ ಪೆನ್ನು ಕಿತ್ತುಕೊಂಡರು. "ಬೇಕಾದ್ದು ಆರಿಸಿಕೊಳ್ಳೋಕೆ ಇದೇನು ಹೋಟೆಲ್ ಮೆನುನಾ?" ಅಂದ ಒಬ್ಬ. ಸಂಜೆಯ ಹೊತ್ತಿಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೊ, ಕೆಳಗೆ 'ಆಡಳಿತ ಮಂಡಳಿಯ ಚೇಲಾ'. ಧರಣಿಯಲ್ಲಿ ಪಕ್ಕ ಕೂತಿದ್ದವರೇ ಅದಕ್ಕೆ ನಗುವ ಇಮೋಜಿ ಹಾಕಿದ್ದರು.

ಶುಲ್ಕದ ಬಗ್ಗೆ ನನ್ನ ಅಭಿಪ್ರಾಯ ಅವತ್ತು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬದಲಾಗಿದ್ದು ನಾನು ಕೂರುವ ಜಾಗ. ಎದುರು ಗುಂಪಿನ ಹುಡುಗನೊಬ್ಬ "ಬಿಡೋ, ಅವರಿರೋದೇ ಹಾಗೆ" ಅಂತ ಬಂದು ಕೂತ. ಅವನು ಹೇಳಿದ್ದೆಲ್ಲ ನನಗೆ ಒಪ್ಪಿಗೆ ಇರಲಿಲ್ಲ. ಆದರೆ ನನ್ನ ಮಾತು ಪೂರ್ತಿ ಕೇಳುತ್ತಿದ್ದ. ಆಮೇಲೆ ಊಟ, ಓದು, ಓಡಾಟ ಎಲ್ಲ ಅವರ ಜೊತೆಗೇ. ಓದು ಮುಗಿಯುವಷ್ಟರಲ್ಲಿ ತೆರಿಗೆ, ಪೊಲೀಸು, ಚುನಾವಣೆ ಅಂತ ಆ ಜಗಳಕ್ಕೆ ಸಂಬಂಧವೇ ಇಲ್ಲದ ವಿಷಯಗಳಲ್ಲೂ ಅವರ ಹಾಗೆ ಮಾತಾಡುತ್ತಿದ್ದೆ.

ಸಹವಾಸದ ಈ ಕೆಲಸ ಹಳೆಯದು. ಅಮೆರಿಕದ ಬೆನಿಂಗ್ಟನ್ ಕಾಲೇಜಿನ ಹುಡುಗಿಯರನ್ನು ಥಿಯೋಡರ್ ನ್ಯೂಕಾಂಬ್ ಎಂಬ ಮನಶ್ಶಾಸ್ತ್ರಜ್ಞ 1930ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ಸಂಪ್ರದಾಯಸ್ಥ ಶ್ರೀಮಂತ ಮನೆಗಳಿಂದ ಬಂದವರಲ್ಲಿ ಹೆಚ್ಚಿನವರು ಓದು ಮುಗಿಸುವ ಹೊತ್ತಿಗೆ ಉದಾರವಾದದ ಕಡೆ ವಾಲಿದ್ದರು. ಅಲ್ಲಿ ಗೌರವ, ಗೆಳೆತನ ಸಿಗುತ್ತಿದ್ದುದು ಆ ಕಡೆಯೇ. 1960ರ ದಶಕದಲ್ಲಿ ಮತ್ತೆ ಮಾತಾಡಿಸಿದಾಗಲೂ ಬಹಳಷ್ಟು ಮಂದಿ ಅಲ್ಲೇ ಇದ್ದರು. ಹೊಸಬರನ್ನು ಹತ್ತಿರ ಕೂರಿಸಿಕೊಂಡರೆ ಇಷ್ಟು ಆಗುತ್ತದೆ. ನಮ್ಮವರು ನನ್ನನ್ನು ದೂರ ತಳ್ಳಿ, ಎದುರಿನವರಿಗೆ ಪುಕ್ಕಟೆಯಾಗಿ ಕೊಟ್ಟುಬಿಟ್ಟರು.

ಹಟವೂ ಇದೆ ಬಿಡಿ. ಆಯ್ಕೆ ಕಿತ್ತುಕೊಂಡರೆ ಮನುಷ್ಯ ಅದನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ ಅಂತ ಜಾಕ್ ಬ್ರೆಮ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲೇ ಬರೆದರು. ಅದೇ ವರ್ಷ, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆ ಗೆದ್ದರು. ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗಲಾಟೆಗೆ ಕೊನೆ ಹಾಡುತ್ತೇನೆ ಅನ್ನುವುದು ಅವರ ಪ್ರಚಾರದ ದೊಡ್ಡ ಮಾತುಗಳಲ್ಲೊಂದು. ಗೆದ್ದದ್ದಕ್ಕೆ ಅದೊಂದೇ ಕಾರಣ ಅಲ್ಲ, ಆದರೆ ಕ್ಯಾಂಪಸ್ಸಿನ ಕೂಗು ಹೊರಗಿನವರ ಕಿವಿಗೆ ಬೇರೆ ಥರ ಬೀಳುತ್ತದೆ ಅನ್ನುವುದಕ್ಕೆ ಸಾಕ್ಷಿ.

ದಬಾಯಿಸುವವರಿಗೆ ಇದೆಲ್ಲ ಕಾಣುವುದಿಲ್ಲ, ಯಾಕೆಂದರೆ ಎದುರಿಗೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಕಾಲೇಜಿನ ಆ ದೊಡ್ಡ ಸಂಘಟನೆಯ ಸಭೆಗಳಲ್ಲಿ ಎಲ್ಲರ ಕೈಯೂ ಮೇಲೇಳುತ್ತಿತ್ತು. ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಗುಪ್ತ ಮತದಾನ. ಪೆಟ್ಟಿಗೆ ತೆರೆದರೆ ಅವರು ಸೋತಿದ್ದರು, ಅದೂ ಹೀನಾಯವಾಗಿ. ಮೋಸ ಅಂತ ಕೂಗಿದರು. ಕೈ ಎತ್ತಿದ್ದ ನಮಗೆಲ್ಲ ಗೊತ್ತಿತ್ತು ಏನಾಯಿತು ಅಂತ. ಇನ್ನೊಂದು ಮಾತು: ಗೆದ್ದ ನನ್ನ ಹೊಸ ಗೆಳೆಯರೂ ಕೆಲವೇ ತಿಂಗಳಲ್ಲಿ ಯಾರನ್ನು ಭಾಷಣಕ್ಕೆ ಕರೆಯಬಾರದು ಅಂತ ತಮ್ಮದೇ ಪಟ್ಟಿ ಮಾಡಿದರು!

ನಿಮಗೂ ಹೀಗೆ ಆಗಿದ್ದರೆ ಒಂದು ಕೆಲಸ ಮಾಡಿ. ಹಳೆಯ ನಿಲುವುಗಳಲ್ಲಿ ಯಾವುದನ್ನು ವಾದ ಕೇಳಿ ಬಿಟ್ಟಿರಿ, ಯಾವುದನ್ನು ಆ ಮುಖಗಳ ಮೇಲಿನ ಸಿಟ್ಟಿಗೆ ಬಿಟ್ಟಿರಿ ಅಂತ ಬೇರೆ ಬೇರೆ ಬರೆದು ನೋಡಿ. ನಾನು ನೋಡಿದಾಗ ಕೂಲಿ, ಪರಿಸರದ ವಿಷಯದಲ್ಲಿ ಹಳೆಯ ನಿಲುವೇ ಸರಿ ಅನ್ನಿಸಿತು, ಈಗ ಅಲ್ಲೇ ಇದ್ದೇನೆ. ತೆರಿಗೆಯಲ್ಲಿ ಹೊಸ ಗೆಳೆಯರ ವಾದವೇ ಗಟ್ಟಿ. ಹೀಗಾಗಿ ಯಾವ ಪಕ್ಷವೂ ನನ್ನನ್ನು ತಮ್ಮವನು ಅನ್ನುವುದಿಲ್ಲ, ಚುನಾವಣೆ ಬಂದಾಗ ಒಂದಿಷ್ಟು ತಲೆನೋವು ಜಾಸ್ತಿ ಅಷ್ಟೇ.