ಕುದುರೆ ಮೇಲೆ ದೂರದ ಪ್ರಯಾಣ: ದಿನಕ್ಕೆ 60 ಕಿಲೋಮೀಟರ್ ಸಾಧ್ಯವೇ?

ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಮತ್ತೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಲವು ತಿಂಗಳಿಂದ ಸವಾರಿ ಕಲಿಯುತ್ತಿದ್ದೀರಿ. ಮಂಗೋಲಿಯಾಕ್ಕೆ ಹೋಗಿ, ಅಲ್ಲೇ ಒಂದು ಕುದುರೆ ಕೊಂಡು, ಒಬ್ಬರೇ 400 ಕಿ.ಮೀ. ಸುತ್ತಬೇಕು ಅಂತ ಆಸೆ. ದಿನಕ್ಕೆ 60 ಕಿ.ಮೀ. ಹಿಡಿದರೆ ಒಂದು ವಾರದ ರಜೆ ಸಾಕಾ? ಜೊತೆಗೆ ನೀವು ಸಸ್ಯಾಹಾರಿ, ಊಟದ ಕಥೆ ಏನು?

ವಾರ ಸಾಕಾಗಲ್ಲ. ದಿನಕ್ಕೆ 25ರಿಂದ 30 ಕಿ.ಮೀ. ಇಟ್ಟುಕೊಳ್ಳಿ. ನಾಲ್ಕೈದು ದಿನಕ್ಕೊಮ್ಮೆ ಒಂದು ದಿನ ಪೂರ್ತಿ ಬಿಡುವು ಕೊಡಿ. ಹಾಗೆ ನೋಡಿದರೆ 400 ಕಿ.ಮೀ.ಗೆ ಮೂರು ವಾರದ ಹತ್ತಿರ ಬೇಕು. ರಜೆ ಒಂದೇ ವಾರ ಅಂದರೆ 150 ಕಿ.ಮೀ. ಒಳಗಿನ ಸುತ್ತು ಹುಡುಕಿ. ಕುದುರೆ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಒಂದು ಬೇಸಿಗೆಯಲ್ಲಿ ನಾನು ಒರ್ಖೋನ್ ಕಣಿವೆಯಿಂದ ನೈಮನ್ ನೂರ್ ಸರೋವರಗಳ ಕಡೆಗೆ, ಅಲ್ಲಿನ ಒಬ್ಬ ಕುದುರೆಗಾಹಿಯ ಜೊತೆ ಹೋಗಿ ಬಂದಿದ್ದೇನೆ. ಕುದುರೆ ಮೇಲೆ ಕೂತಿದ್ದಕ್ಕಿಂತ, ಅದು ಮೇಯುವುದನ್ನು ನೋಡುತ್ತಾ ಪಕ್ಕದಲ್ಲಿ ಕೂತಿದ್ದೇ ಜಾಸ್ತಿ.

ಕುದುರೆಗೆ 60 ಕಿ.ಮೀ. ಹೋಗುವ ಶಕ್ತಿ ಇಲ್ಲ ಅಂತಲ್ಲ. ಎಂಡ್ಯೂರೆನ್ಸ್ ರೇಸ್, ಅಂದರೆ ಕುದುರೆಗಳ ದೂರದ ಓಟದ ಸ್ಪರ್ಧೆಗಳಲ್ಲಿ ಒಂದೇ ದಿನ 160 ಕಿ.ಮೀ. ಓಡುವ ಕುದುರೆಗಳಿವೆ. ಆದರೆ ಅವಕ್ಕೆ ತಿಂಗಳುಗಟ್ಟಲೆ ತಯಾರಿ ಇರುತ್ತದೆ, ಕಾಳು ಹಾಕಿ ಸಾಕಿರುತ್ತಾರೆ, ದಾರಿಯುದ್ದಕ್ಕೂ ಪಶುವೈದ್ಯರು ನಿಲ್ಲಿಸಿ ನಾಡಿ ನೋಡುತ್ತಾರೆ. ಮುಗಿದ ಮೇಲೆ ದೊಡ್ಡ ವಿಶ್ರಾಂತಿ. ನಿಮ್ಮ ಕುದುರೆ ನಾಳೆಯೂ ನಡೆಯಬೇಕು, ನಾಡಿದ್ದೂ ನಡೆಯಬೇಕು, ಅದೂ ಬರೀ ಹುಲ್ಲು ತಿಂದು. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ತೀರಾ ಚಿಕ್ಕದು. ದನವಾದರೆ ಗಬಗಬ ತಿಂದು ಆಮೇಲೆ ನಿಧಾನಕ್ಕೆ ಮೆಲುಕು ಹಾಕುತ್ತದೆ. ಕುದುರೆಗೆ ಆ ಅನುಕೂಲ ಇಲ್ಲ. ಬಯಲಿಗೆ ಬಿಟ್ಟರೆ ಹಗಲು ರಾತ್ರಿ ಸೇರಿ 15–16 ಗಂಟೆ ಮೇಯುತ್ತಲೇ ಇರುತ್ತದೆ. ನಡಿಗೆಯಲ್ಲಿ ಅದರ ವೇಗ ಗಂಟೆಗೆ ಸುಮಾರು 6 ಕಿ.ಮೀ. ಐದು ಗಂಟೆ ನಡೆಸಿದರೆ 30 ಆಯಿತು. ಇನ್ನೊಂದು 30 ಬೇಕು ಅಂದರೆ ಆ ಐದು ಗಂಟೆಯನ್ನು ಮೇವಿನ ಹೊತ್ತಿನಿಂದಲೇ ಕೀಳಬೇಕು. ದುಲ್ಕಿಯಲ್ಲಿ, ಅಂದರೆ ನಡಿಗೆಗಿಂತ ವೇಗದ ಕುಲುಕು ಓಟದಲ್ಲಿ, ಓಡಿಸಿದರೆ ಸಮಯ ಉಳಿಯುತ್ತದೆ ನಿಜ, ಆದರೆ ಓಡಿದ ಕುದುರೆಗೆ ಇನ್ನೂ ಜಾಸ್ತಿ ಹುಲ್ಲು ಬೇಕಲ್ವಾ?

ದೊಡ್ಡ ಸವಾರರ ಲೆಕ್ಕ ತೆಗೆದು ನೋಡಿ. ಎಮೆ ಚಿಫೆಲಿ ಅಂತ ಒಬ್ಬರು, ಸ್ವಿಟ್ಜರ್ಲೆಂಡ್ ಮೂಲದವರು, ಅರ್ಜೆಂಟೀನಾದಲ್ಲಿ ಮೇಷ್ಟ್ರಾಗಿದ್ದರು. ಮಂಚಾ, ಗಾಟೋ ಎಂಬ ಎರಡು ಕ್ರಿಯೋಯೋ ತಳಿಯ ಕುದುರೆ ಕಟ್ಟಿಕೊಂಡು 1925ರಲ್ಲಿ ಬ್ಯೂನಸ್ ಐರಿಸ್ ಬಿಟ್ಟು 1928ರಲ್ಲಿ ನ್ಯೂಯಾರ್ಕ್ ಸೇರಿದರು. ಸುಮಾರು 16,000 ಕಿ.ಮೀ. ಹೊರಟಾಗಲೇ ಎರಡೂ ಹದಿನೈದು ವರ್ಷದ ಆಸುಪಾಸಿನ, ಬೇರೆಯವರು ಮುದಿ ಅನ್ನುವಂಥ ಕುದುರೆಗಳು. ಒಟ್ಟು ದೂರವನ್ನು ಒಟ್ಟು ದಿನಗಳಿಂದ ಭಾಗಿಸಿದರೆ ದಿನಕ್ಕೆ 13 ಕಿ.ಮೀ. ಬರುತ್ತದೆ. ಆಸ್ಟ್ರೇಲಿಯಾದ ಟಿಮ್ ಕೋಪ್ 2004ರಲ್ಲಿ ಮಂಗೋಲಿಯಾದಿಂದ ಹೊರಟು 2007ರಲ್ಲಿ ಹಂಗೇರಿ ಮುಟ್ಟಿದರು. ಸುಮಾರು 10,000 ಕಿ.ಮೀ., ಸರಾಸರಿ ಹತ್ತನ್ನೂ ದಾಟಲ್ಲ. ಇದಕ್ಕೆ ವಿರುದ್ಧವಾಗಿ ದ್ಮಿತ್ರಿ ಪೆಶ್ಕೋವ್ ಎಂಬ, ರಷ್ಯಾದ ಕೊಸಾಕ್ ಕುದುರೆ ಪಡೆಯ ಅಧಿಕಾರಿ 1889ರ ಚಳಿಗಾಲದಲ್ಲಿ ಸೈಬೀರಿಯಾದ ಬ್ಲಾಗೋವೆಶ್ಚೆನ್ಸ್ಕ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಒಂದೇ ಕುದುರೆ ಮೇಲೆ 193 ದಿನದಲ್ಲಿ ಹೋದ. 8,800 ಕಿ.ಮೀ. ಅಂದರೆ ದಿನಕ್ಕೆ 45ರ ಆಸುಪಾಸು. ಹಿಮದಲ್ಲಿ ಹೊರಟವನು ಹುಲ್ಲುಗಾವಲನ್ನು ನಂಬಿ ಹೊರಡಲಿಲ್ಲ ಅನ್ನೋದನ್ನು ಮರೆಯಬೇಡಿ. ಅವನನ್ನು ನೋಡಿ ನೀವು 60 ಅಂತ ಬರೆದಿದ್ದರೆ, ಅವನೂ ಅಷ್ಟು ಹೋಗಲಿಲ್ಲ.

ಹಾಗಾದರೆ ಮಂಗೋಲ್ ಸಾಮ್ರಾಜ್ಯದ ದೂತರು ದಿನಕ್ಕೆ ನೂರಾರು ಮೈಲಿ ಹೋಗುತ್ತಿದ್ದರಲ್ಲ ಅಂತ ಕೇಳಬಹುದು. ಅವರ ಕುದುರೆ ಅಷ್ಟು ಹೋಗುತ್ತಿರಲಿಲ್ಲ, ಸವಾರ ಮಾತ್ರ ಹೋಗುತ್ತಿದ್ದ. ದಾರಿಯುದ್ದಕ್ಕೂ ಠಾಣೆಗಳಿದ್ದವು, ಪ್ರತಿ ಠಾಣೆಯಲ್ಲಿ ಹೊಸ ಕುದುರೆ. ಈಗ ನಡೆಯುವ ಮಂಗೋಲ್ ಡರ್ಬಿ ಕೂಡ ಇದೇ ಲೆಕ್ಕ. 1,000 ಕಿ.ಮೀ. ರೇಸ್, ಆದರೆ ಸುಮಾರು 40 ಕಿ.ಮೀ.ಗೊಮ್ಮೆ ಕುದುರೆ ಬದಲು.

ಮೇವಿನ ನಂತರ ಬೆನ್ನು. ನನಗೆ ಕೇಳಿದರೆ ಇಡೀ ಪ್ರಯಾಣ ನಿಂತಿರುವುದೇ ಕುದುರೆಯ ಬೆನ್ನಿನ ಚರ್ಮದ ಮೇಲೆ. ನಮ್ಮ ಕುದುರೆಗಾಹಿ ಸಂಜೆ ಜೀನು ಬಿಚ್ಚುವ ಮೊದಲು ಹೊಟ್ಟೆ ಪಟ್ಟಿ ಮಾತ್ರ ಸಡಿಲ ಮಾಡಿ, ಸ್ವಲ್ಪ ಹೊತ್ತು ಹಾಗೇ ನಿಲ್ಲಿಸುತ್ತಿದ್ದರು. ಬಿಸಿ ಬೆನ್ನಿಗೆ ಒಮ್ಮೆಲೇ ತಣ್ಣನೆ ಗಾಳಿ ಹೊಡೆಯಬಾರದು ಅಂತ. ಆಮೇಲೆ ಜೀನು ಇಳಿಸಿ, ಕೆಳಗಿನ ಉಣ್ಣೆಯ ದಪ್ಪ ಬಟ್ಟೆಯನ್ನು ಮಗುಚಿ ನೋಡುವರು. ಬೆವರಿನ ಗುರುತು ಎರಡೂ ಕಡೆ ಒಂದೇ ಥರ ಇರಬೇಕು. ನಡುವೆ ಎಲ್ಲಾದರೂ ಒಣಗಿದ ತೇಪೆ ಕಂಡರೆ ಅಲ್ಲಿ ಭಾರ ಒತ್ತುತ್ತಿದೆ ಅಂತ ಅರ್ಥ. ಕೊನೆಗೆ ಅಂಗೈಯನ್ನು ಹೆಗಲಿನ ಮೂಳೆಯಿಂದ ಸೊಂಟದವರೆಗೆ ನಿಧಾನಕ್ಕೆ ಎಳೆಯುವರು. ಒಂದು ಸಂಜೆ ಸಾಮಾನು ಹೊರುವ ಕುದುರೆಯ ಬೆನ್ನಲ್ಲಿ ಎಂಟಾಣೆ ಅಗಲದ ಊತ ಸಿಕ್ಕಿತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಕೈಯಿಟ್ಟರೆ ಅಲ್ಲಿ ಮಾತ್ರ ಬಿಸಿ. ಮರುದಿನ ಆ ಕುದುರೆ ಬರಿ ಮೈಯಲ್ಲಿ ನಡೆಯಿತು, ನಮ್ಮ ಸಾಮಾನು ಮೂರು ಕುದುರೆಗೆ ಹಂಚಿಹೋಯಿತು, ನಾನು ಮಧ್ಯಾಹ್ನದವರೆಗೆ ನಡೆದೇ ಬಂದೆ. ಅದನ್ನು ಆ ದಿನ ಬಿಟ್ಟಿದ್ದರೆ ಹುಣ್ಣಾಗಿ, ವಾರಗಟ್ಟಲೆ ಆ ಕುದುರೆ ಕೆಲಸಕ್ಕೆ ಬರುತ್ತಿರಲಿಲ್ಲ.

ಭಾರಕ್ಕೆ ಎಲ್ಲ ಕಡೆ ಹೇಳುವ ಒಂದು ಅಂದಾಜು ಇದೆ: ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆ ತೂಕದ ಐದನೇ ಒಂದು ಭಾಗ. ಮಂಗೋಲಿಯಾದ ಕುದುರೆ ಗಿಡ್ಡ, ತೂಕ 300 ಕೆ.ಜಿ. ಆಸುಪಾಸು. ಅಂದರೆ 60 ಕೆ.ಜಿ. ನಮ್ಮಲ್ಲಿ ಬಹಳ ಜನ ಊಟಕ್ಕೆ ಮುಂಚೆಯೇ ಫೇಲು! ಅಲ್ಲಿನವರು ಇದಕ್ಕಿಂತ ಜಾಸ್ತಿ ಹೊರಿಸುತ್ತಾರೆ, ಆದರೆ ಒಂದೇ ಕುದುರೆಯನ್ನು ದಿನಾ ಹತ್ತುವುದಿಲ್ಲ. ಮಂದೆಯಲ್ಲಿ ಇನ್ನೊಂದಿರುತ್ತದೆ. ನೀವು ಒಂದೇ ಕುದುರೆ ಕೊಂಡು ಹೊರಟರೆ ಆ ಅನುಕೂಲ ನಿಮಗಿಲ್ಲ. ಹಾಗಾಗಿ ಬೇಕಾಗುವುದು ಒಂದಲ್ಲ, ಕನಿಷ್ಠ ಎರಡು. ಚಿಫೆಲಿ ಎರಡು ಇಟ್ಟುಕೊಂಡಿದ್ದು ಸುಮ್ನೆ ಅಲ್ಲ. ಒಂದು ದಿನ ಇದರ ಮೇಲೆ ಸವಾರಿ, ಇನ್ನೊಂದು ದಿನ ಅದರ ಮೇಲೆ.

ಕೊಂಡ ಮೇಲೆ ಕಾಯುವುದು ಬೇರೆ. ಬೇಲಿಯೇ ಇಲ್ಲದ ನಾಡು. ರಾತ್ರಿ ಮುಂಗಾಲೆರಡು ಮತ್ತು ಒಂದು ಹಿಂಗಾಲು ಸೇರಿಸಿ ಚರ್ಮದ ಪಟ್ಟಿಯಿಂದ ಕಟ್ಟಿಬಿಡುತ್ತಾರೆ. ಮೇಯಬಹುದು, ಓಡಲಾಗದು. ಅದರಲ್ಲೂ ಕುಪ್ಪಳಿಸಿಕೊಂಡು ಬೆಟ್ಟದಾಚೆ ಹೋಗಿರುತ್ತವೆ. ಬಿಡಿಸಿಕೊಂಡರೆ ಹುಟ್ಟಿದ ಮಂದೆಯ ದಿಕ್ಕು ಹಿಡಿದು ಮನೆಗೇ ಹೋಗುತ್ತವೆ, ಹತ್ತಾರು ಕಿಲೋಮೀಟರ್ ಆದರೂ ಸರಿ. ಕಳ್ಳರೂ ಉಂಟು. ಟಿಮ್ ಕೋಪ್ ಹೊರಟ ಶುರುವಿನಲ್ಲೇ ಅವರ ಕುದುರೆಗಳನ್ನು ರಾತ್ರಿ ಕದ್ದಿದ್ದರು, ವಾಪಸ್ ಸಿಕ್ಕಿದ್ದು ಅದೃಷ್ಟ. ಗಡಿ ದಾಟಿಸುವ ಆಸೆಯಂತೂ ಬೇಡವೇ ಬೇಡ. ಪಶುವೈದ್ಯ ಪತ್ರ, ಕ್ವಾರಂಟೈನ್ ಅಂತ ಕುದುರೆಯ ವೀಸಾ ನಮ್ಮ ವೀಸಾಕ್ಕಿಂತ ಕಷ್ಟ. ಬಾಡಿಗೆಗೆ ತೆಗೆದುಕೊಂಡು, ಕುದುರೆಯ ಯಜಮಾನನನ್ನೋ ಅವರ ಮಗನನ್ನೋ ಜೊತೆಗೆ ಕರೆದುಕೊಂಡು ಹೋದರೆ ಈ ತಲೆನೋವೆಲ್ಲ ಅವರದು. ಒಬ್ಬರೇ ಹೋದ ಹೆಮ್ಮೆ ಇರುವುದಿಲ್ಲ, ನಿಜ. ಆ ಹೆಮ್ಮೆಯ ಬಿಲ್ ಅನ್ನು ಕುದುರೆಯೇ ಕಟ್ಟಬೇಕಾಗುತ್ತದೆ.

ಸವಾರಿ ಬಗ್ಗೆ. ಬೆಂಗಳೂರಿನಲ್ಲಿ ನಾವು ಹೆಚ್ಚಾಗಿ ಕಲಿಯುವುದು ರೇಸ್ ಬಿಟ್ಟ ಥರೋಬ್ರೆಡ್ ತಳಿಯ ಕುದುರೆಗಳ ಮೇಲೆ. ಎತ್ತರ, ತೆಳು ಚರ್ಮ, ಎರಡೂ ಕೈಯಲ್ಲಿ ಲಗಾಮು, ಮರಳು ಹಾಸಿದ ಅಂಗಳ. ಮಂಗೋಲಿಯಾದಲ್ಲಿ ಲಗಾಮು ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಕುದುರೆ ಹಿಡಿಯುವ ಉದ್ದ ಹಗ್ಗ, ಇಳಿದಾಗಲೂ ಬಿದ್ದಾಗಲೂ ಅದನ್ನು ಬಿಡಬಾರದು. ಹೊರಡಿಸಲು "ಚೂ" ಅನ್ನಬೇಕು. ದುಲ್ಕಿಯಲ್ಲಿ ಅವರು ಕೂರುವುದೇ ಇಲ್ಲ, ರಿಕಾಪಿನ (ಕಾಲಿಡುವ ಬಳೆ) ಮೇಲೆ ನಿಂತೇ ಹೋಗುತ್ತಾರೆ. ಮರದ ಜೀನಿನ ಮೇಲೆ ಅರ್ಧ ಗಂಟೆ ಕೂತರೆ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆ ಮೇಲೆ ಕೂತು ಜಾಕೆಟ್ ತೆಗೆಯುವುದು, ಪ್ಲಾಸ್ಟಿಕ್ ಮಳೆಕೋಟು ಬಿಡಿಸುವುದು ಮಾಡಬೇಡಿ. ಆ ಪರಪರ ಸದ್ದಿಗೆ ಅವು ಚಿಮ್ಮುತ್ತವೆ. ಮೊದಲು ಇಳಿಯಿರಿ. ಹೆಲ್ಮೆಟ್ ಇಲ್ಲಿಂದಲೇ ಒಯ್ಯಿರಿ.

ಯಾವುದಾದರೂ ಗೆರ್, ಅಂದರೆ ಅವರ ದುಂಡು ಡೇರೆ ಕಂಡರೆ ನೇರ ನುಗ್ಗಬೇಡಿ. ದೂರದಿಂದಲೇ "ನೊಖೊಯ್ ಖೋರ್" ಅಂತ ಕೂಗಿ, ನಾಯಿ ಹಿಡಿಯಿರಿ ಅಂತ. ಅದು ಬರೀ ಶಿಷ್ಟಾಚಾರ ಅಲ್ಲ, ಆ ನಾಯಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಹೊಸ್ತಿಲು ತುಳಿಯಬಾರದು. ಇದು ನಮ್ಮವರಿಗೆ ಯಾರೂ ಹೇಳಬೇಕಾಗಿಲ್ಲ.

ಊಟ ಕಷ್ಟವೇ. ಕುರಿ ಮಾಂಸ, ಹಿಟ್ಟು, ಹಾಲು, ಅಷ್ಟೇ ಅಲ್ಲಿನ ಅಡುಗೆ. ನೂಡಲ್ಸಿನ ಸಾರಲ್ಲೂ ಮಾಂಸ ಇರುತ್ತದೆ. ಸಸ್ಯಾಹಾರಿಗೆ ದಾರಿ ತೋರಿಸುವುದು ಹಾಲು. ಉಪ್ಪು ಹಾಕಿದ ಹಾಲಿನ ಚಹಾ, ಕೆನೆ, ಗಟ್ಟಿ ಮೊಸರು, ಮೊಸರನ್ನು ಬಿಸಿಲಲ್ಲಿ ಒಣಗಿಸಿ ಮಾಡುವ ಆರೂಲ್. ಆರೂಲ್ ಹುಳಿ, ಕಲ್ಲಿನಷ್ಟು ಗಟ್ಟಿ, ಕಚ್ಚದೆ ಬಾಯಲ್ಲಿಟ್ಟು ಚೀಪಬೇಕು. ಹೆಣ್ಣು ಕುದುರೆಯ ಹಾಲನ್ನು ಹುಳಿ ಬರಿಸಿ ಮಾಡುವ ಐರಗ್ ಬೇಸಿಗೆಯಲ್ಲಿ ಬಹಳ ಮನೆಗಳಲ್ಲಿ ಸಿಗುತ್ತದೆ, ಸ್ವಲ್ಪ ಅಮಲಿನದು. ಬಟ್ಟಲು ಕೊಟ್ಟರೆ ಬಲಗೈಯಲ್ಲಿ ತೆಗೆದುಕೊಂಡು ತುಟಿಗಾದರೂ ಮುಟ್ಟಿಸಿ. ಉಳಿದಿದ್ದಕ್ಕೆ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಹಗುರ, ಬಿಸಿನೀರಿದ್ದರೆ ಸಾಕು, ಮತ್ತೆ ಆ 60 ಕೆ.ಜಿ. ಲೆಕ್ಕದಲ್ಲೂ ಜಾಸ್ತಿ ಜಾಗ ತಿನ್ನುವುದಿಲ್ಲ. ಹೋಗುವುದಾದರೆ ಜುಲೈ, ಆಗಸ್ಟ್. ಹುಲ್ಲು ಚೆನ್ನಾಗಿರುತ್ತದೆ. ರಾತ್ರಿ ಆಗಲೂ ನಡುಗುವಷ್ಟು ಚಳಿ ಬೀಳುತ್ತದೆ, ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇರಲಿ. ವಿಮೆ ಮಾಡಿಸುವಾಗ ಕುದುರೆ ಸವಾರಿಗೂ ಅನ್ವಯಿಸುತ್ತದಾ ಅಂತ ಲಿಖಿತವಾಗಿ ಕೇಳಿ, ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ.