ಪ್ರತಿಕ್ರಿಯೆ: ಟ್ರೆಬುಷೆಯನ್ನು ಎಷ್ಟು ಹಿಂದೆ ನಿಲ್ಲಿಸಬೇಕು?

ಬ್ಯಾಟಲ್‌ಟೆಕ್ ಎಂಬ ಯುದ್ಧ ರೋಬಾಟ್‌ಗಳ ಬೋರ್ಡ್ ಆಟದಲ್ಲಿ 50 ಟನ್ನಿನ ಟ್ರೆಬುಷೆ ರೋಬಾಟನ್ನು (ಟಿಬಿಟಿ-5ಎನ್ ಮಾದರಿ) 18 ಹೆಕ್ಸ್ (ಬೋರ್ಡಿನ ಆರು ಮೂಲೆಯ ಮನೆ) ದೂರದಲ್ಲಿ ಅಡಗಿಸಿಟ್ಟರೂ ಏನೂ ತಗಲುತ್ತಿಲ್ಲ ಅಂದಿರಿ. ದೂರವೇ ತೊಂದರೆ ಸರ್. ಗನ್ನರಿ (ಚಾಲಕನ ಗುರಿ ಕೌಶಲ) 4, ನಡೆದಿದ್ದಕ್ಕೆ 1, ಲಾಂಗ್ ರೇಂಜಿಗೆ 4, ಎದುರಾಳಿ 5-6 ಹೆಕ್ಸ್ ಸರಿದಿದ್ದರೆ 2: ಒಟ್ಟು 11. ಎರಡು ದಾಳದಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಿದ್ದರಷ್ಟೇ ಏಟು ತಗಲುತ್ತದೆ, ಅದು ಬೀಳೋದು 36ಕ್ಕೆ 3 ಸಲ ಮಾತ್ರ.

ಅದೇ ಸರಿಯಾಗಿ 7 ಹೆಕ್ಸಿಗೆ ಬನ್ನಿ. ಟ್ರೆಬುಷೆಯ ಎಲ್‌ಆರ್‌ಎಂಗೆ (ದೂರಗಾಮಿ ಕ್ಷಿಪಣಿಗಳಿಗೆ) ಅದು ಶಾರ್ಟ್ ರೇಂಜ್, ತೀರಾ ಹತ್ತಿರವಾದರೆ ಬೀಳುವ ಮಿನಿಮಮ್ ರೇಂಜಿನ ದಂಡವೂ ಇಲ್ಲ. ದಾಳದಲ್ಲಿ ಬೇಕಾದ ಅಂಕ 7ಕ್ಕಿಳಿಯುತ್ತದೆ, ಅಂದರೆ 36ಕ್ಕೆ 21. ಎದುರಾಳಿಯ ಮೀಡಿಯಂ ಲೇಸರ್, ಎಸಿ/20 ಫಿರಂಗಿಗಳಿಗೆ ಅದೇ 7 ಹೆಕ್ಸ್ ಲಾಂಗ್ ರೇಂಜ್! ಪಿಪಿಸಿ (ಕಣಕಿರಣ ಫಿರಂಗಿ) ಇದ್ದವನ ಮುಂದೆ ಮಾತ್ರ ಈ ಲಾಭ ಸಿಗದು. 7 ಸಿಗದಿದ್ದರೆ 8-9 ಸಾಕು. ಇನಿಶಿಯೇಟಿವ್ (ಯಾರು ಮೊದಲು ನಡೆಯಬೇಕೆಂಬ ದಾಳ) ಗೆದ್ದ ಸುತ್ತಿನಲ್ಲಿ ಇದನ್ನು ಕೊನೆಗೆ ನಡೆಸಿ, ಇಲ್ಲದಿದ್ದರೆ ಎದುರಾಳಿ ಮೈಮೇಲೆ ಬರುತ್ತಾನೆ.

ಹೀಟ್ ಲೆಕ್ಕ: ಎರಡೂ ಎಲ್‌ಆರ್‌ಎಂ-15 ಸೇರಿ 10, ನಡಿಗೆಗೆ 1, ಸಿಂಕ್ (ಶಾಖ ಹೀರುವ ಸಾಧನ) 10. ಸುತ್ತಿಗೆ 1 ಮಾತ್ರ ಉಳಿಯುತ್ತದೆ. ಮೂರು ಲೇಸರ್‌ಗಳನ್ನೂ ಜೊತೆಗೆ ಹಾರಿಸಬೇಡಿ, ಅವು ಯಾರಾದರೂ ಹತ್ತಿರ ನುಗ್ಗಿದಾಗಿನ ಆಯುಧ.

ಗುಡ್ಡದ ಹಿಂದಿನಿಂದ ಹೊಡೆಯುವಾಗ ಇನ್‌ಡೈರೆಕ್ಟ್‌ಗೆ (ಗುರಿ ನೇರವಾಗಿ ಕಾಣದೆ ಹೊಡೆಯುವುದಕ್ಕೆ) 1 ಸೇರುತ್ತದೆ, ಸ್ಪಾಟರ್ (ಗುರಿಯನ್ನು ನೋಡಿ ತಿಳಿಸುವ ನಿಮ್ಮ ಕಡೆಯವನು) ಓಡಿದ್ದರೆ ಇನ್ನೂ 2, ಅವನೂ ಗುಂಡು ಹಾರಿಸಿದರೆ ಮತ್ತೊಂದು. ಹಾಗಾಗಿ ಸ್ಪಾಟರ್ ಕಾಡಿನಲ್ಲಿ ಸುಮ್ಮನೆ ನಿಂತಿರಲಿ.